ಗುರಿಯ ನಿಖರತೆ ಮತ್ತು ಅಹಿಂಸೆ: ಬೇಟೆಯ ಇತಿಹಾಸದಿಂದ ಒಂದು ವಿಚಾರ

ಶ್ರಾವಕನು ಮೊದಲು ತ್ಯಜಿಸಬೇಕಾದ ಸಪ್ತವ್ಯಸನಗಳಲ್ಲಿ ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಕಳವು, ಪರಸ್ತ್ರೀಸಂಗಗಳ ಜೊತೆಗೆ ಬೇಟೆಯೂ ಸೇರಿದೆ. ಉಳಿದ ಆರನ್ನು ಲೋಕವೂ ದೋಷವೆಂದೇ ಕಂಡಿತು. ಆದರೆ ಮೃಗಯೆಯು ಬಹುಕಾಲ ಅರಸರಿಗೆ ಭೂಷಣವೆನಿಸಿತ್ತು. ಅದನ್ನು ಶೌರ್ಯದ ಕುರುಹೆಂದು ಕವಿಗಳು ಹೊಗಳಿದರು. ಹೀಗಿದ್ದರೂ ನಮ್ಮ ಆಚಾರ್ಯರು ಅದನ್ನು ಜೂಜಿನ ಸಾಲಿನಲ್ಲಿಯೇ ಇರಿಸಿದರು. ಇದರ ಕಾರಣವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಬೆಂಗಳೂರು ಮತ್ತು ಅದರ ಸುತ್ತಲಿನ ಸೀಮೆಯ ಇತಿಹಾಸವೇ ಇದಕ್ಕೆ ಸಾಕ್ಷ್ಯವನ್ನು ಒದಗಿಸುತ್ತದೆ.

ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಿಲಾಶಾಸನವಿದೆ. ಕ್ರಿ.ಶ. 949-50ರ ಕಾಲದ ಈ ಕಲ್ಲು, ಗಂಗ ದೊರೆ ಇಮ್ಮಡಿ ಬೂತುಗನಿಂದ ಮಣಲೇರನೆಂಬ ವೀರನು ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿಯು ಹಂದಿಯೊಡನೆ ಕಾದಿ ಮಡಿದುದನ್ನು ಹೇಳುತ್ತದೆ. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಜಿನಧರ್ಮಕ್ಕೆ ಆಶ್ರಯವಿತ್ತ ಗಂಗರ ಮನೆತನದಲ್ಲಿಯೂ ಬೇಟೆ ನಿಂತಿರಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಅಂದಿನ ಬೇಟೆಗಾರನು ಮೃಗದ ಕೋರೆಗೆ ಸಿಕ್ಕುವಷ್ಟು ಸಮೀಪದಲ್ಲಿದ್ದನು. ತಾನು ಏನು ಮಾಡುತ್ತಿದ್ದೇನೆಂಬುದನ್ನು ಕಣ್ಣಾರೆ ಕಾಣುತ್ತಿದ್ದನು.

ಮದ್ದು ಬಂದ ಮೇಲೆ ಈ ಅಂತರ ಬದಲಾಯಿತು. ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲನ್ನು ಅರೆದು ಬೆರೆಸಿದ ಕರಿಮದ್ದು ಹೈದರ್ ಮತ್ತು ಟಿಪ್ಪುವಿನ ಕಾಲದ ಬೆಂಗಳೂರಿಗೆ ಚಿರಪರಿಚಿತವಾಗಿತ್ತು. ಪೇಟೆಯ ತಾರಾಮಂಡಲಪೇಟೆ ಎಂಬ ಹೆಸರು ಇಂದಿಗೂ ಆ ಕಾಲದ ಬಾಣಗಳನ್ನು ನೆನಪಿಸುತ್ತದೆ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ಈ ಬಾಣಗಳು ಬಹುದೂರ ಹಾರುತ್ತಿದ್ದವು. ಆದರೆ ಅವುಗಳಿಗೆ ಗುರಿಯಿರಲಿಲ್ಲ. ಸೈನ್ಯವನ್ನು ಬೆದರಿಸುವುದೇ ಅವುಗಳ ಮುಖ್ಯ ಕೆಲಸ. 1791ರಲ್ಲಿ ಬೆಂಗಳೂರಿನ ಕೋಟೆಯೂ 1799ರಲ್ಲಿ ಶ್ರೀರಂಗಪಟ್ಟಣವೂ ಬಿದ್ದವು. ಬಳಿಕ ಮೈಸೂರಿನ ಬಾಣಗಳನ್ನು ಕಂಡು ಇಂಗ್ಲೆಂಡಿನ ಕಾಂಗ್ರೀವನು ತನ್ನ ರಾಕೆಟ್ಟುಗಳನ್ನು ರೂಪಿಸಿದನು.

ನಿಖರತೆಯು ಬಂದುದು ರೈಫಲಿನಿಂದ. ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸುವುದರಿಂದ ಅದು ಓಲಾಡದೆ ಮುಂದೆ ಸಾಗುತ್ತದೆ. 1864ರಲ್ಲಿ ಮೈಸೂರು ಸೀಮೆಗೆ ಬಂದು ನೀರಾವರಿ ಇಲಾಖೆಯಲ್ಲಿ ದುಡಿದು, ಚಾಮರಾಜನಗರದ ಕಡೆ ಆನೆಗಳ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ನನು 1878ರಲ್ಲಿ ತನ್ನ ಬೇಟೆಯ ಅನುಭವಗಳನ್ನು ಪ್ರಕಟಿಸಿದನು. ಆತನ ಕಾಲದಲ್ಲಿ ಆನೆಗೆ ನಾಲ್ಕು ಬೋರಿನ ಕೋವಿ ಬಳಕೆಯಲ್ಲಿತ್ತು. ನಾಲ್ಕು ಬೋರೆಂದರೆ ಒಂದು ಪೌಂಡು ಸೀಸದಿಂದ ನಾಲ್ಕೇ ಗುಂಡುಗಳು. ಒಂದೊಂದರ ತೂಕ 113 ಗ್ರಾಂ. ಕರಿಮದ್ದಿನ ದಟ್ಟ ಹೊಗೆಯಲ್ಲಿ ಹೊಡೆದವನಿಗೆ ತನ್ನ ಗುರಿಯೇ ಕಾಣದಾಗುತ್ತಿತ್ತು. ಆದುದರಿಂದ ಸಮೀಪಕ್ಕೆ ಹೋಗಿ ಹೊಡೆಯುವುದು ಅನಿವಾರ್ಯವಾಗಿತ್ತು.

1884ರಲ್ಲಿ ಫ್ರಾನ್ಸಿನಲ್ಲಿ ಹೊಗೆಯಿಲ್ಲದ ಮದ್ದೂ, 1889ರಲ್ಲಿ ಇಂಗ್ಲೆಂಡಿನಲ್ಲಿ ಕಾರ್ಡೈಟ್ ಎಂಬ ಮದ್ದೂ ಸಿದ್ಧವಾದವು. ಇವುಗಳಿಂದ ಗುಂಡಿನ ವೇಗ ಹೆಚ್ಚಿತು, ದೂರವೂ ಹೆಚ್ಚಿತು. ಆದರೆ ವಿಲಾಯತಿಯ ಚಳಿಯಲ್ಲಿ ತೂಗಿ ತುಂಬಿದ ತೋಟಾ ನಮ್ಮ ನಾಡಿನ ಬೇಸಗೆಯಲ್ಲಿ ಬೇರೆಯೇ ರೀತಿ ವರ್ತಿಸಿತು. ಬಿಸಿಯೇರಿದ ಕಾರ್ಡೈಟ್ ಹೆಚ್ಚು ಒತ್ತಡವನ್ನು ಹುಟ್ಟಿಸುವುದರಿಂದ ಗುಂಡು ಬೀಳುವ ಜಾಗ ಬದಲಾಗುತ್ತಿತ್ತು. ಖಾಲಿ ತೋಟಾ ಕೋವಿಯೊಳಗೆ ಕಚ್ಚಿಕೊಳ್ಳುವ ಅಪಾಯವೂ ಇತ್ತು. ಆದುದರಿಂದ ಉಷ್ಣದೇಶಗಳಿಗೆಂದು ಕೆಲವು ಗ್ರೇನ್ ಕಡಿಮೆ ಮದ್ದು ತುಂಬಿದ ತೋಟಾಗಳನ್ನು ಬೇರೆಯಾಗಿ ಸಿದ್ಧಪಡಿಸಿದರು.

ಗ್ರೇನ್ ಎಂಬ ಈ ತೂಕವು ನಗರ್ತಪೇಟೆಯ ಚಿನಿವಾರರಿಗೆ ಅಪರಿಚಿತವಲ್ಲ. ಒಂದು ತೊಲೆಗೆ 180 ಗ್ರೇನ್, ಒಂದು ತೊಲೆಗೆ 96 ಗುಲಗಂಜಿ. ಬೆಂಗಳೂರಿನಲ್ಲಿ ನೆಲೆಸಿದ್ದ ಪ್ರಸಿದ್ಧ ಬೇಟೆಗಾರ ಹಾಗೂ ಲೇಖಕ ಕೆನೆತ್ ಆಂಡರ್ಸನ್ (1910-1974) ಬಳಸುತ್ತಿದ್ದ .405 ವಿಂಚೆಸ್ಟರ್ ರೈಫಲಿನ ಗುಂಡು 300 ಗ್ರೇನ್, ಎಂದರೆ 160 ಗುಲಗಂಜಿ ತೂಕದ್ದು. ಅದು ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಲ್ಲಿ ಹೊರಟರೂ 200 ಮೀಟರ್ ದೂರ ಹೋಗುವಷ್ಟರಲ್ಲಿ ನೆಲದ ಸೆಳೆತದಿಂದ ಅರ್ಧ ಮೀಟರಿಗೂ ಹೆಚ್ಚು ಕೆಳಗಿಳಿಯುತ್ತದೆ. ಹೀಗಾಗಿ ದೂರದ ಬೇಟೆಗೆ ಹೊರಟವನು ಪ್ರತಿ ತೋಟಾದಲ್ಲಿಯೂ ಮದ್ದಿನ ತೂಕ, ಗುಂಡಿನ ತೂಕ, ಅದನ್ನು ಕೂರಿಸಿದ ಆಳ ಒಂದೇ ಆಗಿರುವಂತೆ ನೋಡಿಕೊಳ್ಳಬೇಕು. ಒಂದು ಬಾರಿಗೆ ಒಂದನ್ನೇ ಬದಲಿಸಿ, ಹಲಗೆಗೆ ಹೊಡೆದು, ಗುಂಡುಗಳೆಲ್ಲ ಒಂದೆಡೆ ಬೀಳುವವರೆಗೆ ಪರೀಕ್ಷಿಸಬೇಕು. ಅಕ್ಕಸಾಲಿಗನ ತಾಳ್ಮೆಯೇ ಇದಕ್ಕೂ ಬೇಕು.

ಇಲ್ಲಿ ಒಂದು ಆಕ್ಷೇಪವನ್ನು ನ್ಯಾಯವಾಗಿ ಕೇಳಬೇಕು. ಪ್ರಾಮಾಣಿಕ ಬೇಟೆಗಾರನು ಹೇಳುವುದೇನೆಂದರೆ, ನಿಖರತೆಯೇ ದಯೆ. ಗುಂಡು ಸರಿಯಾದ ಜಾಗಕ್ಕೆ ತಗಲಿದರೆ ಪ್ರಾಣಿ ನರಳದೆ ಸಾಯುತ್ತದೆ. ತಪ್ಪಿದರೆ ದಿನಗಟ್ಟಲೆ ನರಳುತ್ತದೆ. ಈ ಮಾತು ಪೂರ್ಣ ಸುಳ್ಳಲ್ಲ. ಗುಂಡೇಟಿನಿಂದ ಅಂಗವಿಕಲವಾದ ಹುಲಿ, ಚಿರತೆಗಳು ಸಹಜವಾದ ಬೇಟೆಯಾಡಲಾರದೆ ನರಭಕ್ಷಕಗಳಾಗುವುದನ್ನು ಆಂಡರ್ಸನ್ನನೇ ಬರೆದಿದ್ದಾನೆ. ಆತನ ಕಥನಗಳು ಪೂರ್ಣಚಂದ್ರ ತೇಜಸ್ವಿಯವರ ಅನುವಾದದ ಮೂಲಕ ಕನ್ನಡಿಗರ ಮನೆಮನೆಗೂ ಬಂದಿವೆ. ಒಬ್ಬನ ಅಜಾಗರೂಕತೆಯ ಗುಂಡಿಗೆ ಇನ್ನಾವುದೋ ಹಳ್ಳಿಯ ದನ ಕಾಯುವವನು ಬೆಲೆ ತೆರುತ್ತಾನೆ.

ಆದರೆ ಜೈನಶಾಸ್ತ್ರವು ಹಿಂಸೆಯನ್ನು ನೋವಿನ ಪ್ರಮಾಣದಿಂದ ಮಾತ್ರ ಅಳೆಯುವುದಿಲ್ಲ. ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ಯೋಗದಿಂದ ಪ್ರಾಣಹರಣ ಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಇಲ್ಲಿ ಪ್ರಮಾದವೆಂದರೆ ಕೈತಪ್ಪಲ್ಲ, ಕಷಾಯದಿಂದ ಕದಡಿದ ಚಿತ್ತ. ಕೈ ಎಷ್ಟು ಸ್ಥಿರವಾಗಿದ್ದರೂ ಕೊಲ್ಲುವ ಹವಣಿಕೆಯಿದ್ದರೆ ಅದು ಪ್ರಮಾದವೇ. ತಿಂಗಳುಗಟ್ಟಲೆ ಗುಲಗಂಜಿ ತೂಕದಲ್ಲಿ ಮದ್ದನ್ನು ತೂಗಿದವನ ಕೃತ್ಯದಲ್ಲಿ ನೋವು ಕಡಿಮೆಯಿರಬಹುದು, ಸಂಕಲ್ಪ ಮಾತ್ರ ಹೆಚ್ಚೇ ಆಗಿರುತ್ತದೆ.

1209ರಲ್ಲಿ ಜನ್ನಕವಿ ರಚಿಸಿದ ಯಶೋಧರ ಚರಿತೆಯು ಇದನ್ನು ಎರಡು ಕಡೆಯಿಂದ ತೋರಿಸುತ್ತದೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟುದಕ್ಕೆ ಯಶೋಧರನೂ ಆತನ ತಾಯಿ ಚಂದ್ರಮತಿಯೂ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿದರು. ಅಲ್ಲಿ ಜೀವಹಾನಿಯಿರಲಿಲ್ಲ, ಸಂಕಲ್ಪವಿತ್ತು. ಕೊನೆಗೆ ಅವರು ಕೋಳಿಗಳಾಗಿ ಹುಟ್ಟಿದಾಗ, ಯಶೋಧರನ ಮಗನಾದ ಯಶೋಮತಿಯು ರಾಣಿಯೆದುರು ತನ್ನ ಶಬ್ದವೇಧಿ ವಿದ್ಯೆಯನ್ನು ಮೆರೆಯಲೆಂದು ಅವುಗಳ ಕೂಗನ್ನು ಕೇಳಿಯೇ ಬಾಣ ಬಿಟ್ಟನು. ಗುರಿ ಕಿಂಚಿತ್ತೂ ತಪ್ಪಲಿಲ್ಲ. ಸತ್ತುದು ತನ್ನ ತಂದೆ ಮತ್ತು ಅಜ್ಜಿ ಎಂಬುದನ್ನು ಆತನು ಅರಿಯಲಿಲ್ಲ. ಕಾಣದ ಜೀವವನ್ನು ದೂರದಿಂದ ತಪ್ಪದೆ ಕೊಲ್ಲುವ ಕೌಶಲಕ್ಕೆ ಇದಕ್ಕಿಂತ ಕಠಿಣವಾದ ತೀರ್ಪು ಬೇರೆ ಇರಲಾರದು.

ಹಾಗೆಂದು ಗೃಹಸ್ಥನ ಕಷ್ಟವನ್ನು ಶಾಸ್ತ್ರವು ಮರೆತಿಲ್ಲ. ಸಂಕಲ್ಪೀ ಹಿಂಸೆಯ ತ್ಯಾಗವನ್ನು ಕಡ್ಡಾಯಗೊಳಿಸಿ, ಆತ್ಮರಕ್ಷಣೆಗೆ ಅನಿವಾರ್ಯವಾದ ವಿರೋಧೀ ಹಿಂಸೆಯನ್ನು ಬೇರೆಯಾಗಿ ಎಣಿಸಿದೆ. ಊರಿಗೆ ನುಗ್ಗಿದ ನರಭಕ್ಷಕನನ್ನು ತಡೆಯುವುದೂ, ಗೋಡೆಗೆ ಕೊಂಬು ತೂಗುಹಾಕಲು ದೂರದ ಜಿಂಕೆಯನ್ನು ಹೊಡೆಯುವುದೂ ಒಂದಲ್ಲ. ದೇಶದ ಕಾನೂನೂ ನಿಧಾನವಾಗಿ ಇಲ್ಲಿಗೇ ಬಂದು ನಿಂತಿತು. ಮೈಸೂರು ಸಂಸ್ಥಾನವು 1901ರಲ್ಲಿ ಬೇಟೆ ಮತ್ತು ಮೀನುಗಾರಿಕೆಗೆ ಮಿತಿ ಹಾಕುವ ಕಾಯಿದೆಯನ್ನು ತಂದಿತು. ಸ್ವತಃ ಬೇಟೆಗಾರರಾಗಿದ್ದ ಜಯಚಾಮರಾಜ ಒಡೆಯರು 1952ರಲ್ಲಿ ಭಾರತೀಯ ವನ್ಯಜೀವಿ ಮಂಡಳಿಯ ಮೊದಲ ಅಧ್ಯಕ್ಷರಾದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1973ರಲ್ಲಿ ಬಂಡೀಪುರವು ಹುಲಿ ಯೋಜನೆಗೆ ಸೇರಿತು. 1991ರ ತಿದ್ದುಪಡಿಯು ಬೇಟೆಯ ಪರವಾನಗಿಯನ್ನೇ ತೆಗೆದುಹಾಕಿತು. ಮನುಷ್ಯರ ಜೀವಕ್ಕೆ ಅಪಾಯ ತರುವ ಪ್ರಾಣಿಯ ವಿಷಯದಲ್ಲಿ ಅಧಿಕಾರಿಯ ಲಿಖಿತ ಅಪ್ಪಣೆಗೆ ಅವಕಾಶ ಉಳಿದಿದೆ.

ಇಂದು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಜೈನ ಮನೆಗಳಲ್ಲಿ ಕೋವಿ ಹಿಡಿಯುವವರು ವಿರಳ. ಆದುದರಿಂದ ಇದು ತಮಗೆ ಸಂಬಂಧಿಸಿದ ಮಾತಲ್ಲವೆಂದು ವ್ಯಾಪಾರಿಗಳು ಭಾವಿಸಬಾರದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಎಣಿಸುವಾಗ ಕೊಡಲಿ, ಖಡ್ಗ, ಅಗ್ನಿ, ಆಯುಧ ಮೊದಲಾದವನ್ನು ಒದಗಿಸುವ ಹಿಂಸಾದಾನವನ್ನೂ ಸೇರಿಸಿದ್ದಾರೆ. ಕುದುರೆ ಎಳೆದವನು ಒಬ್ಬ, ಸೀಸ ಮಾರಿದವನು ಇನ್ನೊಬ್ಬ, ಹಣ ಹೂಡಿದವನು ಮತ್ತೊಬ್ಬ. ಈ ಅಂತರವು ರೈಫಲಿನ ಅಂತರಕ್ಕಿಂತಲೂ ದೊಡ್ಡದು. ಆದರೆ ಕರ್ಮಬಂಧವು ದೂರವನ್ನು ನೋಡಿ ಬಿಡುವುದಿಲ್ಲ. ಬಸದಿಯ ಮಳಿಗೆಯನ್ನು ಬಾಡಿಗೆಗೆ ಕೊಡುವಾಗ, ಧರ್ಮನಿಧಿಯನ್ನು ಶೇರುಗಳಲ್ಲಿ ತೊಡಗಿಸುವಾಗ, ದೊಡ್ಡ ದೇಣಿಗೆಯನ್ನು ಸ್ವೀಕರಿಸುವಾಗ, ಅದು ಯಾವ ಕಸುಬಿಗೆ ಇಂಬು ಕೊಡುತ್ತದೆಂದು ಟ್ರಸ್ಟುಗಳು ವಿಚಾರಿಸುವುದು ಉಚಿತ.

ತಕ್ಕಡಿಯು ವರ್ತಕನ ಕುಲದ ಉಪಕರಣ. ಗುಲಗಂಜಿಯಷ್ಟೂ ತಪ್ಪದೆ ತೂಗುವುದು ಅವನ ಹೆಮ್ಮೆ. ಅದೇ ತಕ್ಕಡಿಯಲ್ಲಿ ಮದ್ದನ್ನೂ ತೂಗಬಹುದು, ಔಷಧವನ್ನೂ ತೂಗಬಹುದು. ತೂಕ ಸರಿಯಾಗಿದೆಯೇ ಎಂದು ಕೇಳುವ ಮೊದಲು, ತೂಗುತ್ತಿರುವುದು ಏತಕ್ಕೆಂದು ಕೇಳುವವನೇ ಶ್ರಾವಕ.