ತೊರಪಳ್ಳಿಯ ಪ್ರಬಂಧಕಾರರು

ಹೊಸೂರಿಗೆ ಅನತಿದೂರದ ತೊರಪಳ್ಳಿಯಲ್ಲಿ 1878ನೆಯ ಇಸವಿ ಡಿಸೆಂಬರ್ 10ರಂದು ಜನಿಸಿದ ಚಕ್ರವರ್ತಿ ರಾಜಗೋಪಾಲಾಚಾರ್ಯರನ್ನು ಲೋಕವು ರಾಜಕಾರಣಿಯೆಂದೇ ನೆನೆಯುತ್ತದೆ. ಅವರ ಪ್ರಬಂಧಗಳನ್ನು ನೆನೆಯುವವರು ವಿರಳ. ಆ ಗ್ರಾಮ ಅಂದು ಸೇಲಂ ಜಿಲ್ಲೆಯದು. 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ ಸೇರಿತು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಸೀಮೆಯದು.

ಹೊಸೂರಿನ ಶಾಲೆಯ ತರುವಾಯ ಅವರು ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಜಾನ್ ಗಥ್ರೀ ಟೇಟ್ ಅವರು ಅಲ್ಲಿ ಇಂಗ್ಲಿಷ್ ಸಾಹಿತ್ಯದ ಗುರುಗಳು. ನವರತ್ನ ರಾಮರಾಯರು ಸಹಪಾಠಿ. ಈ ಸಹಪಾಠಿಗಳ ಸ್ನೇಹವು 1960ರಲ್ಲಿ ರಾಮರಾಯರು ತೀರಿಕೊಳ್ಳುವವರೆಗೂ ಬಾಡಲಿಲ್ಲ. ಒಬ್ಬರು ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಇನ್ನೊಬ್ಬರು 1900ರಲ್ಲಿ ಸೇಲಂನಲ್ಲಿ ವಕೀಲಿ ಆರಂಭಿಸಿದರು. ರಾಮರಾಯರು ಮುಪ್ಪಿನಲ್ಲಿ ‘ಕೆಲವು ನೆನಪುಗಳು’ ಬರೆದು ಕನ್ನಡಕ್ಕೆ ಒಂದು ರಸವತ್ತಾದ ಗದ್ಯಗ್ರಂಥವನ್ನು ಕೊಟ್ಟರು. ರಾಜಾಜಿಯವರ ಲೇಖನಿ ತಮಿಳಿಗೂ ಇಂಗ್ಲಿಷಿಗೂ ಸಂದಿತು.

ಇದನ್ನು ನೆನೆದು ನಮ್ಮವರಲ್ಲಿ ಕೆಲವರು ಕೊರಗುವುದುಂಟು. ನಮಗೂ ಒಮ್ಮೊಮ್ಮೆ ಹಾಗೆನ್ನಿಸದಿರದು. ಆದರೆ ಅವರು ಬರೆದುದು ಯಾರಿಗಾಗಿ ಎಂಬುದನ್ನು ನೋಡಿದರೆ ಆ ಕೊರಗು ನಿಲ್ಲಲಾರದು. 1916ರಲ್ಲಿ ಸೇಲಂನಲ್ಲಿ ವಿಜ್ಞಾನಪದಗಳಿಗೆ ತಮಿಳು ರೂಪಗಳನ್ನು ಹುಡುಕುವ ಸಂಘವನ್ನು ಕಟ್ಟಿದವರಲ್ಲಿ ಅವರೊಬ್ಬರು. 1929ರಲ್ಲಿ ತಿರುಚೆಂಗೋಡಿನ ಬಳಿಯ ಗಾಂಧಿ ಆಶ್ರಮದಿಂದ ‘ವಿಮೋಚನಂ’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಅದರ ವಿಷಯವೆಲ್ಲ ಮದ್ಯದ ಕೇಡು. ಆ ಮಾತು ಸೇಂದಿ ಅಂಗಡಿಯ ಮುಂದೆ ನಿಂತವನ ಕಿವಿಗೆ ಮುಟ್ಟಬೇಕಿತ್ತು. ಅವನಾಡುವ ತಮಿಳಲ್ಲದೆ ಬೇರೆ ಯಾವ ಭಾಷೆ ಅಲ್ಲಿ ಸಲ್ಲುತ್ತಿತ್ತು? 1937ರ ಅಕ್ಟೋಬರ್ 1ರಂದು ಮದರಾಸು ಪ್ರಾಂತದ ಪ್ರಧಾನಿಯಾಗಿದ್ದ ಅವರೇ ಪಾನನಿರೋಧವನ್ನು ಮೊತ್ತಮೊದಲು ಸೇಲಂ ಜಿಲ್ಲೆಯಲ್ಲಿ ಜಾರಿಗೆ ತಂದರು. ಪ್ರಬಂಧದಲ್ಲಿ ಬರೆದುದನ್ನು ಶಾಸನದಲ್ಲಿಯೂ ಬರೆಯುವ ಅವಕಾಶ ಎಷ್ಟು ಮಂದಿ ಲೇಖಕರಿಗೆ ಒದಗೀತು!

ಇಂಗ್ಲಿಷಿನ ಬರಹ ಬೇರೊಂದು ಬಗೆಯದು. 1921–22ರಲ್ಲಿ ವೆಲ್ಲೂರು ಸೆರೆಮನೆಯಲ್ಲಿ ಬರೆದ ದಿನಚರಿಯಲ್ಲಿಯೇ ಚಿಕ್ಕ ವಾಕ್ಯ, ನೇರ ನುಡಿ, ಮೆಲುವಾದ ವ್ಯಂಗ್ಯ ಕಾಣುತ್ತವೆ. ‘ಸ್ವರಾಜ್ಯ’ ವಾರಪತ್ರಿಕೆ ಹೊರಟಾಗ, 1956ರಲ್ಲಿ, ಅವರಿಗೆ ಎಪ್ಪತ್ತೇಳು ವರುಷ. ಅದರಲ್ಲಿ ಅವರು ಓದುಗನನ್ನು ಎದುರಿಗೆ ಕೂಡಿಸಿಕೊಂಡವರಂತೆ ಪರವಾನಗಿಗಳ ಹಾವಳಿ, ಅಣ್ವಸ್ತ್ರ, ಭಗವದ್ಗೀತೆ ಎಲ್ಲವನ್ನೂ ಚರ್ಚಿಸಿದರು. ವಾದದಲ್ಲಿ ವಕೀಲರ ಹಟ ಇಣುಕುವುದೂ ಉಂಟು. ಅವರ ಹಿಂದಿ ಧೋರಣೆಯನ್ನೇ ನೋಡಿರಿ. 1938ರಲ್ಲಿ ಶಾಲೆಗಳಿಗೆ ಅದನ್ನು ತಂದವರು ಮುಂದೆ ಅದನ್ನು ವಿರೋಧಿಸಿದರು. ಎರಡು ಸಲವೂ ಅದೇ ಖಂಡಿತವಾದ ಧಾಟಿ. 1972ರ ಡಿಸೆಂಬರ್ 25ರಂದು ಅವರು ತೀರಿಕೊಂಡರು.

ತೊರಪಳ್ಳಿಯ ಅವರ ಮನೆ ಈಗ ಸ್ಮಾರಕ. ನಮ್ಮ ಸಂಘದ ಕಿರಿಯರು ಅಲ್ಲಿಗೆ ಹೋಗುವ ಮುನ್ನ ‘ಕೆಲವು ನೆನಪುಗಳು’ ಪುಸ್ತಕವನ್ನು ಒಮ್ಮೆ ಓದಿಕೊಂಡು ಹೋಗಬೇಕೆಂದು ಕೋರುತ್ತೇವೆ.