ಅಂಕಿತವಿಲ್ಲದ ಅರಳಮ್ಮ

ಕೃಷ್ಣೆ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯನ್ನು ನಮ್ಮ ಚರಿತ್ರೆಯ ಗ್ರಂಥಗಳು ಬಹುಮಟ್ಟಿಗೆ ರಣಭೂಮಿಯೆಂದೇ ಬಣ್ಣಿಸುತ್ತ ಬಂದಿವೆ. ಆದರೆ ಆ ಕಾಳಗಗಳ ಸದ್ದಡಗಿ ಶತಮಾನಕ್ಕಿಂತ ಹೆಚ್ಚು ಕಾಲ ಸಂದ ತರುವಾಯ, ಇದೇ ನೆಲದ ಮಾನವಿ ತಾಲೂಕಿನ ಚೀಕಲಪರವಿಯಲ್ಲಿ ವಿಜಯದಾಸರೂ, ದೇವದುರ್ಗ ತಾಲೂಕಿನ ಮೊಸರಕಲ್ಲಿನಲ್ಲಿ ಗೋಪಾಲದಾಸರೂ, ಬ್ಯಾಗವಾಟದಲ್ಲಿ ಹುಟ್ಟಿ ಮಾನವಿಯಲ್ಲಿ ನೆಲಸಿದ ಜಗನ್ನಾಥದಾಸರೂ ಅವತರಿಸಿ, ಪುರಂದರದಾಸರ ಕಾಲಾನಂತರ ಕ್ಷೀಣಿಸಿದ್ದ ದಾಸಪಂಥಕ್ಕೆ ಪುನರ್ಜೀವನವನ್ನು ಕೊಟ್ಟರೆಂಬುದು ಅಷ್ಟೇ ಮಹತ್ತ್ವದ ಸಂಗತಿಯಾಗಿದೆ. ಇವರ ಸುಳಾದಿಗಳನ್ನೂ ಉಗಾಭೋಗಗಳನ್ನೂ ಹರಿಕಥಾಮೃತಸಾರದ 32 ಸಂಧಿಗಳನ್ನೂ ಕುರಿತು ವಿದ್ವಾಂಸರು ಬಹಳವಾಗಿ ಬರೆದಿದ್ದಾರೆ. ನಾನು ಇಲ್ಲಿ ನೆನೆಯಹೊರಟಿರುವುದು ಒಂದು ಪದವನ್ನೂ ಬರೆಯದ, ಯಾವ ಅಂಕಿತವನ್ನೂ ಪಡೆಯದ ಒಬ್ಬ ಗೃಹಿಣಿಯನ್ನು.

ಆಕೆ ವಿಜಯದಾಸರ ಧರ್ಮಪತ್ನಿ ಅರಳಮ್ಮ. ವಿಜಯದಾಸರು (1682–1755) ಇನ್ನೂ ದಾಸಪ್ಪನಾಗಿದ್ದ ಕಾಲದಲ್ಲಿ ಆ ಮನೆಯೊಳಗೆ ಬಡತನವು ಕಾಲು ಮುರಿದುಕೊಂಡು ಬಿದ್ದಿತ್ತೆಂದೂ, ತಾಯಿ ಕೂಸಮ್ಮನವರು ಅದನ್ನೇ ದೈವದ ಪ್ರಸಾದವೆಂದು ಸಹಿಸಿದರೆಂದೂ ಪರಂಪರೆ ಹೇಳುತ್ತದೆ. ಮುಂದೆ ಕಾಶಿಯಲ್ಲಿ ಸ್ವಪ್ನದಲ್ಲಿ ಪುರಂದರದಾಸರಿಂದ ಅಂಕಿತವನ್ನು ಪಡೆದು ಬಂದ ದಾಸರು ಕ್ಷೇತ್ರದಿಂದ ಕ್ಷೇತ್ರಕ್ಕೆ ಸಂಚರಿಸುತ್ತಿದ್ದಾಗ, ಹಿಂದುಳಿದ ಮನೆಯ ಭಾರವು ಯಾರ ಹೆಗಲ ಮೇಲಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಗೋಪಾಳಬುಟ್ಟಿಯಲ್ಲಿ ಬಿದ್ದ ಧಾನ್ಯವನ್ನು ಹಸನುಮಾಡಿ, ಬೀಸಿ, ಬೇಯಿಸಿ, ಬಂದ ಶಿಷ್ಯರಿಗೆಲ್ಲ ಎಲೆ ಹಾಕಿದ ಕೈಗಳಿಗೆ ಚರಿತ್ರೆಯಲ್ಲಿ ಸ್ಥಾನ ದೊರೆಯುವುದು ವಿರಳ.

ಅರಳಮ್ಮನವರ ವಿಷಯದಲ್ಲಿ ಮಾತ್ರ ಒಂದು ಐತಿಹ್ಯವು ಉಳಿದುಬಂದಿದೆ. ಲೋಕಾಪವಾದಕ್ಕೆ ಅಂಜಿ ಕೂಸಿನೊಡನೆ ಪ್ರಾಣತ್ಯಾಗಕ್ಕೆ ಹೊರಟಿದ್ದ ಹೆಣ್ಣೊಬ್ಬಳನ್ನು ದಾಸರು ತಡೆದು ತಮ್ಮ ಮನೆಗೆ ಕರೆತಂದರಂತೆ. ಅರಳಮ್ಮನವರು ಆ ಕೂಸನ್ನು ಹೊಟ್ಟೆಯ ಮಗನಂತೆ ಸಾಕಿದರಂತೆ. ಆ ಕೂಸೇ ಮುಂದೆ ಮೋಹನವಿಠಲ ಎಂಬ ಅಂಕಿತದಿಂದ ಪದಗಳನ್ನು ರಚಿಸಿದ ಮೋಹನದಾಸರು. ಹದಿನೆಂಟನೆಯ ಶತಮಾನದ ಒಂದು ಅಗ್ರಹಾರದ ನೆರೆಹೊರೆಯನ್ನು ಕಣ್ಣ ಮುಂದೆ ತಂದುಕೊಂಡರೆ ಈ ಕಾರ್ಯದ ಕಾಠಿಣ್ಯವು ತಿಳಿದೀತು. ಊರು ಬಾಯಿಗೆ ಬಂದಂತೆ ಆಡಿಕೊಂಡ ಹೆಣ್ಣನ್ನು ಹೊಸ್ತಿಲೊಳಗೆ ಕರೆದುಕೊಳ್ಳುವ ಮಾತನ್ನು ಗಂಡಸು ಆಡಿಬಿಡಬಹುದು. ಬಾವಿಕಟ್ಟೆಯಲ್ಲಿ, ಹೊಳೆಯ ಸೋಪಾನದಲ್ಲಿ, ಮುತ್ತೈದೆಯರ ಹರಿಷಿಣ-ಕುಂಕುಮದ ಸಾಲಿನಲ್ಲಿ ನಿತ್ಯವೂ ಅದಕ್ಕೆ ಉತ್ತರ ಹೇಳಬೇಕಾದವಳು ಮನೆಯೊಡತಿ. ವಿಜಯದಾಸರ ದಯೆಯೆಂದು ನಾವು ಕೊಂಡಾಡುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅರಳಮ್ಮನವರದೆಂದು ನಾನು ದೃಢವಾಗಿ ನಂಬಿದ್ದೇನೆ.

ಹೆಂಗಸರಿಗೆ ಅಂಕಿತವೇ ದೊರೆಯಲಿಲ್ಲವೆಂದಲ್ಲ. ಹೆಳವನಕಟ್ಟೆ ಗಿರಿಯಮ್ಮನವರಿಗೆ ಮೊಸರಕಲ್ಲಿನ ಗೋಪಾಲದಾಸರೇ ಉಪದೇಶವಿತ್ತರೆಂಬ ಪ್ರತೀತಿಯಿದೆ. ಮುಂದಿನ ಶತಮಾನದಲ್ಲಿ ಹರಪನಹಳ್ಳಿಯ ಭೀಮವ್ವನವರು ಭೀಮೇಶಕೃಷ್ಣನ ಅಂಕಿತದಿಂದ ಹಾಡಿದರು. ಆದರೆ ಅವರಂತೆ ಹೆಸರಾದವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಅರಳಮ್ಮನ ಸಂತತಿ.

ಆ ಸಂತತಿಯ ವೃದ್ಧೆಯರು ಮಾನವಿ, ದೇವದುರ್ಗ, ರಾಯಚೂರುಗಳ ಹಳೆಯ ಮನೆಗಳಲ್ಲಿ ನಿನ್ನೆಮೊನ್ನೆಯವರೆಗೂ ಇದ್ದರು. ಬೆಳ್ಳಿ ಮೂಡುವ ಹೊತ್ತಿಗೆ ಎದ್ದು, ಬೀಸುಕಲ್ಲಿನ ಮುಂದೆ ಒಂದು ಕಾಲು ಚಾಚಿ ಕುಳಿತು, ಹಿಡಿ ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಹಾಕುತ್ತ, ಗೂಟದ ಸುತ್ತಿಗೆ ಸರಿಯಾಗಿ ದಾಸರ ಪದವನ್ನು ಆರಂಭಿಸಿದರೆಂದರೆ, ಹಿಟ್ಟು ಮುಗಿಯುವುದರೊಳಗೆ ತೊಟ್ಟಿಲ ಕೂಸಿನಿಂದ ಹಿಡಿದು ಅಟ್ಟದ ಮೇಲೆ ಮಲಗಿದ ಹುಡುಗನವರೆಗೆ ಎಲ್ಲರ ಕಿವಿಗೂ ಆ ಪದ ಇಳಿದಿರುತ್ತಿತ್ತು. ಅವರ ಹಾಡಿನ ವಹಿಗಳನ್ನು ಕಂಡವರು ಬಲ್ಲರು: ದಾರದಿಂದ ಹೊಲಿದ ಉದ್ದನೆಯ ಹಾಳೆಗಳು, ಕೆಂಪು ಬಟ್ಟೆಯ ಸುತ್ತು, ಅಂಚಿನಲ್ಲಿ ಅತ್ತೆಯ ಹರಿಷಿಣದ ಬೆರಳಗುರುತು, ನಡುವೆ ಸೊಸೆಯ ಬೇರೊಂದು ಅಕ್ಷರ. ‘ಹಾಡಿಲ್ಲದ ಆರತಿ ಎತ್ತಬಾರದವ್ವ’ ಎಂಬುದು ಅವರ ಶಾಸ್ತ್ರ. ಅವರಲ್ಲಿ ಎಷ್ಟೋ ಜನ ಬಾಲ್ಯದಲ್ಲಿಯೇ ವೈಧವ್ಯವನ್ನು ಪಡೆದು, ಆರತಿಯ ತಟ್ಟೆಯನ್ನು ಮುಟ್ಟುವ ಅಧಿಕಾರವನ್ನೇ ಕಳೆದುಕೊಂಡವರು. ಅಂಥವರು ಬಾಗಿಲ ಮರೆಯಲ್ಲಿ ನಿಂತು ಹಾಡುತ್ತಿದ್ದರು. ಆ ದನಿಯೇ ಮದುವೆಯ ಹಂದರದಲ್ಲಿ ವಾದಿರಾಜರ ಲಕ್ಷ್ಮೀಶೋಭಾನೆಯನ್ನು ಆದಿಯಿಂದ ಅಂತ್ಯದವರೆಗೆ ನಡೆಸುತ್ತಿತ್ತು. ಊರ ಕೂಸುಗಳಿಗೆ ಎರೆಯುವುದು, ಬಾಣಂತಿಯ ಪಥ್ಯವನ್ನು ನೋಡುವುದು, ಕಾರ್ತಿಕ ಶುದ್ಧ ದಶಮಿಯ ವಿಜಯದಾಸರ ಆರಾಧನೆಗೂ ಭಾದ್ರಪದ ಶುದ್ಧ ನವಮಿಯ ಜಗನ್ನಾಥದಾಸರ ಆರಾಧನೆಗೂ ಹೋಳಿಗೆಯ ಹೂರಣವನ್ನು ಅರೆದು ಕಟ್ಟಿನ ಸಾರಿಗೆ ಒಗ್ಗರಣೆ ಹಾಕುವುದು, ಇವೆಲ್ಲ ಅವರ ಪಾಲಿನ ಕೆಲಸ. ಇದಕ್ಕೆ ಸಮಾಜಸೇವೆಯೆಂಬ ಹೆಸರನ್ನು ಅವರು ಕೇಳಿಯೂ ಇರಲಿಲ್ಲ.

ಈ ಸೀಮೆಯು ನಿಜಾಮರ ಆಳ್ವಿಕೆಯಲ್ಲಿದ್ದಾಗ ಕಚೇರಿಯ ಭಾಷೆಯೂ ಉಚ್ಚ ಶಾಲೆಯ ಭಾಷೆಯೂ ಉರ್ದುವಾಗಿತ್ತು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರು ನಗರದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನೆರೆದಾಗ, ಅಲ್ಲಿ ಸೇರಿದ ಉರ್ದು ಕಲಿತ ತರುಣರಿಗೆ ಕನ್ನಡದ ಮೇಲೆ ಅಭಿಮಾನವು ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ, ಅದರ ಬೇರು ಪಾಠಶಾಲೆಯಲ್ಲಿರದೆ ಅಡಿಗೆಯ ಮನೆಯಲ್ಲಿತ್ತೆಂದು ನಾನು ಹೇಳುತ್ತೇನೆ. ಲಿಂಗಸುಗೂರಿನ ಗೊರಬಾಳ ಹನುಮಂತರಾಯರು ದಾಸರ ಕೃತಿಗಳನ್ನು ಸಂಪಾದಿಸಿ ಅಚ್ಚುಹಾಕಿಸಿದ ಉಪಕಾರವನ್ನು ನಾಡು ಮರೆಯಲಾರದು. ಆದರೆ ಪದದ ಕೊನೆಯಲ್ಲಿ ಅಂಕಿತವಿರುವುದರಿಂದ ಕಟ್ಟಿದವರು ತಿಳಿಯುತ್ತಾರೆಯೇ ಹೊರತು, ಅದನ್ನು ಇನ್ನೂರು ವರ್ಷ ಕಂಠದಲ್ಲಿ ಹೊತ್ತು ತಂದವಳು ತಿಳಿಯುವುದಿಲ್ಲ.

ಹಳೆಯ ವಹಿಗಳು ಜೀರ್ಣವಾದವೆಂದು ಹೊಳೆಗೆ ಬಿಡುವ ಸಂಪ್ರದಾಯ ನಮ್ಮಲ್ಲಿದೆ. ಇದನ್ನು ಓದುವವರ ಮನೆಯಲ್ಲಿ ಅಂಥದೊಂದು ವಹಿ ಉಳಿದಿದ್ದರೆ ದಯವಿಟ್ಟು ಬಿಡಬೇಡಿರಿ. ಅಜ್ಜಿ ಇನ್ನೂ ಇದ್ದರೆ ಅವರ ಬಳಿ ಕುಳಿತು ಧಾಟಿಯನ್ನು ಕೇಳಿಕೊಳ್ಳಿರಿ, ಮತ್ತು ವಹಿಯ ಮೊದಲನೆಯ ಹಾಳೆಯ ಮೇಲೆ ಅವರ ಹೆಸರನ್ನೂ ತವರೂರನ್ನೂ ಬರೆದಿಡಿರಿ.