ಕೆಲಸದ ಎ.ಟಿ.ವಿ. ವಾಹನದಲ್ಲಿ ವ್ಹೀಲಿಂಗ್ ಮತ್ತು ನೆಗೆತ: ಸಾರ್ವಜನಿಕರಿಗೆ ಮಾಹಿತಿ

ತೋಟ, ಜಮೀನು ಹಾಗೂ ವಿಹಾರಧಾಮಗಳ ಬಳಕೆಗಾಗಿ ನಾಲ್ಕು ಚಕ್ರಗಳ ಎ.ಟಿ.ವಿ. ವಾಹನವನ್ನು ಖರೀದಿಸುವವರು, ಅದರ ನೋಂದಣಿ ಮತ್ತು ಚಾಲನೆಗೆ ಸಂಬಂಧಿಸಿದ ನಿಯಮಗಳನ್ನು ಅರ್ಜಿ ಸಲ್ಲಿಸುವ ಮೊದಲೇ ತಿಳಿದಿರುವುದು ಅವಶ್ಯಕ. ಇಂತಹ ವಾಹನದ ಮುಂದಿನ ಚಕ್ರಗಳನ್ನು ಮೇಲೆತ್ತಿ ಓಡಿಸುವುದು, ಅಂದರೆ ವ್ಹೀಲಿಂಗ್, ಹಾಗೂ ದಿಬ್ಬದಿಂದ ನೆಗೆಸುವುದು ಪ್ರಾಣಾಪಾಯಕ್ಕೆ ಎಡೆಮಾಡಿಕೊಡುತ್ತವೆ. ಅದಕ್ಕೆ ಕಾರಣವಾಗುವ ಅಂಶಗಳನ್ನೂ ಅನ್ವಯಿಸುವ ಕಾನೂನನ್ನೂ ಇಲ್ಲಿ ವಿವರಿಸಲಾಗಿದೆ.

1. ವಾಹನದ ರಚನೆ

ಎ.ಟಿ.ವಿ. ವಾಹನಗಳಲ್ಲಿ ಸ್ಪರ್ಧೆಗಾಗಿ ತಯಾರಿಸಿದವು ಮತ್ತು ಕೆಲಸಕ್ಕಾಗಿ ತಯಾರಿಸಿದವು ಎಂಬ ಎರಡು ಬಗೆಗಳಿವೆ. ಎರಡನೆಯ ಬಗೆಯ ವಾಹನವು ಹಿಂದೆ ಮುಂದೆ ಸಾಮಾನು ಹೊರುವ ಕಬ್ಬಿಣದ ಚೌಕಟ್ಟುಗಳನ್ನೂ, ಕಡಿಮೆ ವೇಗದಲ್ಲಿ ಹೆಚ್ಚು ಎಳೆಯುವ ಗೇರನ್ನೂ ಹೊಂದಿರುತ್ತದೆ. ಇದರ ತೂಕ ಸಾಮಾನ್ಯವಾಗಿ 250ರಿಂದ 350 ಕಿಲೋಗ್ರಾಂ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಸುಮಾರು 1.3 ಮೀಟರ್ ಮಾತ್ರ. ಸವಾರನು ಎತ್ತರದಲ್ಲಿ ಕುಳಿತಿರುವುದರಿಂದ ಸವಾರ ಮತ್ತು ವಾಹನದ ಒಟ್ಟು ಭಾರದ ಕೇಂದ್ರವೂ ಎತ್ತರದಲ್ಲಿರುತ್ತದೆ. ನಿಧಾನವಾಗಿ ಹೊರೆ ಸಾಗಿಸಲು ಈ ರಚನೆಯು ತಕ್ಕುದಾಗಿದೆ. ಸಾಹಸ ಪ್ರದರ್ಶನಕ್ಕೆ ತಕ್ಕುದಲ್ಲ.

2. ವ್ಹೀಲಿಂಗ್‌ನಿಂದ ಉಂಟಾಗುವ ಅಪಾಯ

ಮುಂದಿನ ಚಕ್ರಗಳು ಮೇಲೆದ್ದಾಗ ಸವಾರನ ದೇಹವು ಹಿಂದಕ್ಕೆ ಜಾರುತ್ತದೆ. ಬೀಳದಿರಲು ಆತನು ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾನೆ. ಬಹುತೇಕ ಎ.ಟಿ.ವಿ.ಗಳಲ್ಲಿ ವೇಗ ಹೆಚ್ಚಿಸುವ ಸನ್ನೆಯು ಬಲಗೈ ಹೆಬ್ಬೆರಳಿನ ಕೆಳಗಿರುವುದರಿಂದ, ಹಿಡಿತ ಬಿಗಿಯಾದಷ್ಟೂ ಎಂಜಿನ್‌ಗೆ ಹೆಚ್ಚು ಶಕ್ತಿ ದೊರೆತು ವಾಹನವು ಇನ್ನಷ್ಟು ಮೇಲೇಳುವ ಸಂಭವವಿದೆ. ಭಾರದ ಕೇಂದ್ರವು ಹಿಂದಿನ ಚಕ್ರಗಳು ನೆಲ ತಾಗುವ ಸ್ಥಳವನ್ನು ದಾಟಿದೊಡನೆ ವಾಹನವು ಹಿಂದಕ್ಕೆ ಮಗುಚುತ್ತದೆ. ದ್ವಿಚಕ್ರ ವಾಹನದಿಂದ ಬಿದ್ದವರು ಪಕ್ಕಕ್ಕೆ ಸರಿದುಹೋಗುವ ಸಾಧ್ಯತೆಯಿರುತ್ತದೆ. ಎ.ಟಿ.ವಿ. ಮಾತ್ರ ನೇರವಾಗಿ ಸವಾರನ ಎದೆಯ ಮೇಲೆ ಬೀಳಬಹುದು. ಮೂಳೆ ಮುರಿಯದಿದ್ದರೂ, ಎದೆಯ ಮೇಲಿನ ಭಾರದಿಂದ ಉಸಿರಾಟ ನಿಂತು ಸಾವು ಸಂಭವಿಸಬಹುದು. ತೋಟದಲ್ಲಿ ಒಬ್ಬರೇ ಇರುವಾಗ ವಾಹನವನ್ನು ಎತ್ತಿ ಬಿಡಿಸಲು ಯಾರೂ ಇರುವುದಿಲ್ಲ.

ಉದ್ದೇಶವಿಲ್ಲದೆಯೂ ವ್ಹೀಲಿಂಗ್ ಆಗಬಹುದೆಂಬುದನ್ನು ಗಮನಿಸತಕ್ಕದ್ದು. ಹಿಂದಿನ ಚೌಕಟ್ಟಿನಲ್ಲಿ ಗೊಬ್ಬರದ ಮೂಟೆಗಳನ್ನಿಟ್ಟು ಏರು ಹತ್ತುವಾಗ ಒಮ್ಮೆಲೇ ವೇಗ ಹೆಚ್ಚಿಸಿದರೆ ಮುಂಭಾಗವು ಮೇಲೇಳುತ್ತದೆ.

3. ನೆಗೆತದಿಂದ ಉಂಟಾಗುವ ಅಪಾಯ

ಕೆಲಸದ ಎ.ಟಿ.ವಿ.ಯ ಸಸ್ಪೆನ್ಷನ್ ಉಬ್ಬುತಗ್ಗುಗಳನ್ನು ತಡೆದುಕೊಳ್ಳಲು ರೂಪುಗೊಂಡಿದೆಯೇ ಹೊರತು, ಎತ್ತರದಿಂದ ಬೀಳುವ ಆಘಾತವನ್ನಲ್ಲ. ಮುಂದಿನ ಚಕ್ರಗಳು ಮೊದಲು ನೆಲ ತಾಗಿದಲ್ಲಿ ವಾಹನವು ಮುಂದಕ್ಕೆ ಮಗುಚಬಹುದು. ಒಂದೇ ಪಕ್ಕದ ಚಕ್ರಗಳು ಮೊದಲು ತಾಗಿದಲ್ಲಿ ಪಕ್ಕಕ್ಕೆ ಉರುಳಬಹುದು. ಗಾಳಿಯಲ್ಲಿ ವೇಗವಾಗಿ ತಿರುಗುತ್ತಿದ್ದ ಚಕ್ರಗಳು ನೆಲವನ್ನು ಕಚ್ಚಿದಾಗ ಬೆಲ್ಟ್ ಮತ್ತು ಆಕ್ಸಲ್‌ಗಳಿಗೆ ಹಾನಿಯಾಗುತ್ತದೆ. ಈ ಹಾನಿಯು ತಕ್ಷಣ ಕಾಣದೆ, ಮುಂದೊಂದು ದಿನ ಇಳಿಜಾರಿನಲ್ಲಿ ಹೊರೆಯೊಡನೆ ಸಾಗುವಾಗ ಬೆಳಕಿಗೆ ಬರಬಹುದು.

ಮಗುಚುವ ಅಪಾಯದ ಕಾರಣದಿಂದಲೇ ಆಸ್ಟ್ರೇಲಿಯಾ ದೇಶವು 2019ರಲ್ಲಿ ಈ ವಾಹನಗಳಿಗೆ ಸುರಕ್ಷತಾ ಮಾನಕವನ್ನು ಹೊರಡಿಸಿತು. 2021ರ ಅಕ್ಟೋಬರ್ 11ರಿಂದ ಅಲ್ಲಿ ಮಾರಾಟವಾಗುವ ಸಾಮಾನ್ಯ ಬಳಕೆಯ ಹೊಸ ವಾಹನಗಳಿಗೆ, ಮಗುಚಿದಾಗ ಸವಾರನನ್ನು ರಕ್ಷಿಸುವ ಸಾಧನ ಕಡ್ಡಾಯವಾಗಿದೆ. ಪಕ್ಕಕ್ಕೆ, ಮುಂದಕ್ಕೆ ಮತ್ತು ಹಿಂದಕ್ಕೆ ಮಗುಚದಿರಲು ಬೇಕಾದ ಕನಿಷ್ಠ ಸ್ಥಿರತೆಯನ್ನೂ ನಿಗದಿಪಡಿಸಲಾಗಿದೆ.

4. ನೋಂದಣಿ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 39ರನ್ವಯ, ನೋಂದಣಿಯಾಗದ ಮೋಟಾರು ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಕಾರ್ಖಾನೆ ಅಥವಾ ಇತರ ಆವೃತ ಆವರಣದೊಳಗೆ ಮಾತ್ರ ಬಳಸಲು ಅಳವಡಿಸಿದ ವಿಶೇಷ ಬಗೆಯ ವಾಹನವು ಕಲಂ 2(28)ರ ವ್ಯಾಖ್ಯೆಯಿಂದ ಹೊರಗಿದೆ. ಆದರೆ ಎರಡು ತೋಟಗಳ ನಡುವಿನ ಗ್ರಾಮ ರಸ್ತೆಯನ್ನು ದಾಟುವುದೂ ಸಾರ್ವಜನಿಕ ಸ್ಥಳದಲ್ಲಿನ ಚಾಲನೆಯೇ ಆಗುತ್ತದೆ.

ನೋಂದಣಿಗೆ ನಮೂನೆ 20ರಲ್ಲಿ ಅರ್ಜಿ, ಮಾರಾಟಗಾರರ ನಮೂನೆ 21, ತಯಾರಕರ ನಮೂನೆ 22 ಹಾಗೂ ವಿಮಾ ಪತ್ರ ಅವಶ್ಯಕ. ರಸ್ತೆ ಬಳಕೆಗೆ ಮಾದರಿ ಅನುಮೋದನೆ ಪಡೆಯದ ವಾಹನವನ್ನು ನೋಂದಾಯಿಸಲು ಬರುವುದಿಲ್ಲ. ಆದುದರಿಂದ ಹಣ ಪಾವತಿಸುವ ಮೊದಲೇ ಮಾರಾಟಗಾರರಿಂದ ಅನುಮೋದನಾ ದಾಖಲೆಯನ್ನು ಕೇಳಿ ಪರಿಶೀಲಿಸುವುದು ಸೂಕ್ತ. ನೋಂದಣಿಯಾದ ವಾಹನವನ್ನು ಚಲಾಯಿಸಲು, ನೋಂದಣಿ ಪತ್ರದಲ್ಲಿ ನಮೂದಾದ ವರ್ಗಕ್ಕೆ ತಕ್ಕ ಚಾಲನಾ ಅನುಜ್ಞಾ ಪತ್ರವಿರತಕ್ಕದ್ದು.

5. ದಂಡನೆಗಳು

(ಅ) ಸಾರ್ವಜನಿಕರಿಗೆ ಅಪಾಯಕರವಾಗುವಂತೆ ಚಲಾಯಿಸುವುದು: ಕಲಂ 184ರನ್ವಯ ಮೊದಲ ಅಪರಾಧಕ್ಕೆ 6 ತಿಂಗಳಿಗೆ ಕಡಿಮೆಯಿಲ್ಲದ, 1 ವರ್ಷದವರೆಗಿನ ಕಾರಾವಾಸ, ಅಥವಾ 1,000ದಿಂದ 5,000 ರೂಪಾಯಿವರೆಗೆ ಜುಲ್ಮಾನೆ, ಅಥವಾ ಎರಡೂ.

(ಆ) ನೋಂದಣಿಯಿಲ್ಲದ ವಾಹನವನ್ನು ಓಡಿಸುವುದು: ಕಲಂ 192ರನ್ವಯ ಮೊದಲ ಅಪರಾಧಕ್ಕೆ 5,000 ರೂಪಾಯಿವರೆಗೆ ಜುಲ್ಮಾನೆ.

(ಇ) ಅಪ್ರಾಪ್ತ ವಯಸ್ಕರ ಅಪರಾಧ: ಕಲಂ 199ಎ ಅನ್ವಯ ಪೋಷಕರಿಗೆ ಅಥವಾ ವಾಹನ ಮಾಲೀಕರಿಗೆ 3 ವರ್ಷದವರೆಗೆ ಕಾರಾವಾಸ ಮತ್ತು 25,000 ರೂಪಾಯಿ ಜುಲ್ಮಾನೆ. ವಾಹನದ ನೋಂದಣಿಯು 12 ತಿಂಗಳು ರದ್ದಾಗುತ್ತದೆ. ಅಪ್ರಾಪ್ತರು 25 ವರ್ಷ ತುಂಬುವವರೆಗೆ ಚಾಲನಾ ಅನುಜ್ಞಾ ಪತ್ರಕ್ಕೆ ಅರ್ಹರಾಗುವುದಿಲ್ಲ.

(ಈ) ಖಾಸಗಿ ಜಮೀನಿನೊಳಗೆ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 125 ಇತರರ ಜೀವಕ್ಕೆ ಅಪಾಯ ತರುವ ದುಡುಕಿನ ಕೃತ್ಯಕ್ಕೂ, ಕಲಂ 106 ನಿರ್ಲಕ್ಷ್ಯದಿಂದ ಸಾವು ಸಂಭವಿಸಿದ ಪ್ರಕರಣಕ್ಕೂ ಅನ್ವಯಿಸುತ್ತವೆ. ಸ್ವಂತ ಜಮೀನು ಎಂಬ ಕಾರಣಕ್ಕೆ ಇವುಗಳಿಂದ ವಿನಾಯಿತಿ ಇಲ್ಲ.

6. ಮಾಲೀಕರು ಮತ್ತು ಸವಾರರು ಪಾಲಿಸಬೇಕಾದ ಕ್ರಮಗಳು

* ಒಬ್ಬ ಸವಾರನಿಗೆಂದು ತಯಾರಾದ ವಾಹನದಲ್ಲಿ ಹಿಂಬದಿ ಸವಾರರನ್ನು ಕೂರಿಸಿಕೊಳ್ಳಬಾರದು. ಉದ್ದನೆಯ ಆಸನವು ಸವಾರನು ಮುಂದಕ್ಕೂ ಹಿಂದಕ್ಕೂ ಸರಿದು ಸಮತೋಲನ ಕಾಯ್ದುಕೊಳ್ಳಲೆಂದು ಇರುವುದು.
* ಹೆಲ್ಮೆಟ್, ಕಣ್ಣಿನ ರಕ್ಷಕ, ಕೈಗವಸು ಮತ್ತು ಕಣಕಾಲು ಮುಚ್ಚುವ ಬೂಟು ಧರಿಸತಕ್ಕದ್ದು.
* ಹೊರೆಯು ತಯಾರಕರು ನಿಗದಿಪಡಿಸಿದ ಮಿತಿಯೊಳಗಿದ್ದು, ತಗ್ಗಿನಲ್ಲಿ ಬಿಗಿಯಾಗಿ ಕಟ್ಟಿರಬೇಕು.
* ಏರು ಹತ್ತುವಾಗ ಕೆಳ ಗೇರಿನಲ್ಲಿ, ದೇಹವನ್ನು ಮುಂದಕ್ಕೆ ಬಾಗಿಸಿ, ಸಮವೇಗದಲ್ಲಿ ಸಾಗಬೇಕು. ಮಧ್ಯದಲ್ಲಿ ನಿಂತುಹೋದರೆ ಬ್ರೇಕ್ ಹಾಕಿ, ಏರಿನ ಮೇಲ್ಭಾಗದ ಕಡೆಯಿಂದ ಇಳಿಯಬೇಕು.
* ಕೆಲಸದವರಿಗೆ ಅಥವಾ ಅತಿಥಿಗಳಿಗೆ ವಾಹನ ನೀಡುವ ಮೊದಲು ಈ ಸೂಚನೆಗಳನ್ನು ಅವರಿಗೆ ತಿಳಿಸುವುದು. ಕೀಲಿಯನ್ನು ವಾಹನದಲ್ಲಿಯೇ ಬಿಡದಿರುವುದು.
* ಒಬ್ಬರೇ ಹೊರಡುವಾಗ ಹೋಗುವ ಸ್ಥಳ ಮತ್ತು ಮರಳುವ ವೇಳೆಯನ್ನು ಮನೆಯವರಿಗೆ ತಿಳಿಸಿರುವುದು.

7. ಅಪಘಾತ ಸಂಭವಿಸಿದಲ್ಲಿ

ಮೊದಲು ಎಂಜಿನ್ ನಿಲ್ಲಿಸಿ, ಗಾಯಾಳುವಿನ ಎದೆಯ ಮೇಲಿನ ಭಾರವನ್ನು ಹಲವರು ಸೇರಿ ತೆಗೆಯಬೇಕು. ಆಂಬುಲೆನ್ಸ್‌ಗಾಗಿ 108, ತುರ್ತು ನೆರವಿಗಾಗಿ 112 ಸಂಖ್ಯೆಗೆ ಕರೆ ಮಾಡುವುದು. ಬೆನ್ನುಮೂಳೆಗೆ ಪೆಟ್ಟಾಗಿರಬಹುದಾದ್ದರಿಂದ ಅನಿವಾರ್ಯವಿಲ್ಲದೆ ಗಾಯಾಳುವನ್ನು ಅಲುಗಾಡಿಸಬಾರದು. ಸದುದ್ದೇಶದಿಂದ ನೆರವಾದವರಿಗೆ ಅಧಿನಿಯಮದ ಕಲಂ 134ಎ ಕಾನೂನಿನ ರಕ್ಷಣೆ ನೀಡುತ್ತದೆ. ಆದ್ದರಿಂದ ನೆರವಾಗಲು ಯಾರೂ ಹಿಂಜರಿಯಬೇಕಾಗಿಲ್ಲ.

ನೋಂದಣಿ ಮತ್ತು ಚಾಲನಾ ಅನುಜ್ಞಾ ಪತ್ರದ ಕುರಿತು ಹೆಚ್ಚಿನ ವಿವರಗಳಿಗೆ ಅರ್ಜಿದಾರರು ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.